ಅಜ್ಜನ ಲೆಕ್ಕ ತಪ್ಪಿದ್ದೆಲ್ಲಿ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ನಮ್ಮ ಕಿರಿಯ ಮಗ ಮೂರು ವರ್ಷದ ಮೇಲೆ ಜನವರಿಯಲ್ಲಿ ಊರಿಗೆ ಹೊರಟಿದ್ದ. ‘ಶುಕ್ರವಾರ ರಾತ್ರಿ 9ಕ್ಕೆ ವಿಮಾನ. ಹದಿನೇಳೂವರೆ ತಾಸಿಗೆ ಬೆಂಗಳೂರು’ ಎಂದು ಫೋನಿನಲ್ಲಿ ಹೇಳಿದ. ನಾನು ಬೆರಳು ಮಡಚಿ ಕೂಡಿದೆ: ಶನಿವಾರ ಮಧ್ಯಾಹ್ನ 2.30. ಶುಕ್ರವಾರ ರಾತ್ರಿಯೇ ಹರಿಹರದಿಂದ ರೈಲು ಹತ್ತುವುದೆಂದು ಗೊತ್ತುಮಾಡಿದೆ. ಫೋನಿನಲ್ಲಷ್ಟೇ ಕಂಡಿದ್ದ ಮೊಮ್ಮಗನಿಗಾಗಿ ಅಜ್ಜಿ ಉಂಡಿ ಕಟ್ಟತೊಡಗಿದಳು.

ಏಳನೇ ತರಗತಿಯ ಮೊಮ್ಮಗಳು ಕೇಳಿದಳು: ‘ಅಜ್ಜ, ಅದು ಯಾವ ಊರಿನ ರಾತ್ರಿ 9?’

ನನಗೆ ಉತ್ತರ ಹೊಳೆಯಲಿಲ್ಲ. ಅವಳು ಗೋಳ ತಂದಳು, ಅಜ್ಜಿಯ ಹೂ ಕಟ್ಟುವ ದಾರವನ್ನೂ ತಂದಳು.

ಗೋಳದ ನಡುವಿಗೆ ದಾರ ಸುತ್ತಿ ಅಳೆದರೆ 60 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ 3 ಸೆಂ.ಮೀ.ಗೆ 2,000 ಕಿ.ಮೀ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರ ಬಿಗಿಹಿಡಿದಾಗ ಅದು ಹಿಮಾಲಯ, ಸೈಬೀರಿಯ, ಅಲಾಸ್ಕ ಹಾಯ್ದು ಹೋಯಿತು! ದುಂಡನೆಯ ಭೂಮಿಯ ಮೇಲೆ ಹತ್ತಿರದ ದಾರಿ ಅದೇ. ಗೋಡೆಯ ನಕಾಶೆಯಲ್ಲಿ ಇದು ಕಾಣುವುದಿಲ್ಲ. ದಾರದ ಉದ್ದ 21 ಸೆಂ.ಮೀ. ಅಂದರೆ 14,000 ಕಿ.ಮೀ.

ದೊಡ್ಡ ವಿಮಾನ ತಾಸಿಗೆ ಸುಮಾರು 850 ಕಿ.ಮೀ. ಹಾರುತ್ತದೆ. ಭಾಗಿಸಿದರೆ ಹದಿನಾರೂವರೆ ತಾಸು. ಏರುವಾಗ, ಇಳಿಯುವಾಗ ವೇಗ ಕಡಿಮೆ. ಗಾಳಿಯೂ ಒಮ್ಮೆ ತಳ್ಳುತ್ತದೆ, ಒಮ್ಮೆ ತಡೆಯುತ್ತದೆ. ಮಗ ಹೇಳಿದ ಹದಿನೇಳೂವರೆ ತಾಸು ಸರಿಯೇ ಇತ್ತು.

ತಪ್ಪಿದ್ದು ಗಡಿಯಾರದಲ್ಲಿ. ಭೂಮಿ ತಾಸಿಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ದೇಶದ ಸಮಯ ಗ್ರೀನಿಚ್‌ಗಿಂತ ಐದೂವರೆ ತಾಸು ಮುಂದೆ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ 8 ತಾಸು ಹಿಂದೆ. ಒಟ್ಟು ಅಂತರ ಹದಿಮೂರೂವರೆ ತಾಸು. (ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಡುವುದರಿಂದ ಹನ್ನೆರಡೂವರೆ.) ಅಲ್ಲಿ ಶುಕ್ರವಾರ ರಾತ್ರಿ 9 ಆದಾಗ ಭಾನುವಳ್ಳಿಯಲ್ಲಿ ಶನಿವಾರ ಬೆಳಿಗ್ಗೆ 10.30! ಅದಕ್ಕೆ ಹದಿನೇಳೂವರೆ ಕೂಡಿಸಿದರೆ ಭಾನುವಾರ ನಸುಕಿನ 4 ಗಂಟೆ.

2021ರಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳೆಯರೇ ನಡೆಸಿದ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲಿಂದ ಇದೇ ಪಯಣ ಮಾಡಿತ್ತು. ಅದು ಅಲ್ಲಿಂದ ಹೊರಟಿದ್ದು ಜನವರಿ 9ರ ರಾತ್ರಿ, ಬೆಂಗಳೂರಿಗೆ ಇಳಿದದ್ದು 11ರ ನಸುಕಿನಲ್ಲಿ. ಅದರ ಲೆಕ್ಕವೂ ಹೀಗೆಯೇ.

ನಾವು ಶನಿವಾರ ಹಗಲಿನ ರೈಲಿಗೆ ಹೊರಟೆವು. ‘ಅಜ್ಜನ ಲೆಕ್ಕ ನಂಬಿ ಹೋಗಿದ್ದರೆ ಹದಿಮೂರೂವರೆ ತಾಸು ವಿಮಾನ ಬರಲಿಲ್ಲವೆಂದು ನನ್ನ ಜೀವವೇ ಹೋಗುತ್ತಿತ್ತು’ ಎಂದಳು ಅಜ್ಜಿ. ನಸುಕಿನಲ್ಲಿ ಮೊಮ್ಮಗ ಕಣ್ಣುಜ್ಜುತ್ತ ಹೊರಬಂದು ಅವಳ ಸೆರಗು ಹಿಡಿದ. ನಾನು ಗಡಿಯಾರ ನೋಡುವುದನ್ನೇ ಮರೆತೆ.

ಮಕ್ಕಳೇ, ಈಗ ನಿಮ್ಮ ಸರದಿ. ಜನವರಿಯಲ್ಲಿ ಬೆಂಗಳೂರಿನಿಂದ ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು 16 ತಾಸು ಹಾರಿದ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುವುದು ಯಾವಾಗ? ಅಜ್ಜ ಅಜ್ಜಿಯನ್ನು ಕೂರಿಸಿಕೊಂಡು ಲೆಕ್ಕ ಮಾಡಿ.

(ಉತ್ತರ: ಅದೇ ಸೋಮವಾರ ಸಂಜೆ 4.30.)