ಎರೆಭೂಮಿಯ ಸವೆತವೂ ರೈತನ ಬಡತನವೂ

ಒಣಸೀಮೆಯ ಬಡರೈತನು ತನ್ನ ಅಜ್ಞಾನದಿಂದಲೇ ಭೂಮಿಯನ್ನು ಕೆಡಿಸುತ್ತಾನೆಂಬ ಅಭಿಪ್ರಾಯವು ಬಹುಕಾಲದಿಂದ ರೂಢಿಯಲ್ಲಿದೆ. ವಿಜಯಪುರ ಜಿಲ್ಲೆಯ ಆಳವಾದ ಎರೆಭೂಮಿಯ ಬೇಸಾಯಕ್ರಮವನ್ನು ಪರಿಶೀಲಿಸಿದರೆ ಈ ಅಭಿಪ್ರಾಯವು ನಿಲ್ಲಲಾರದೆಂದು ನಾವು ಭಾವಿಸುತ್ತೇವೆ.

ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಅದರಲ್ಲಿ ಸೆಪ್ಟೆಂಬರಿನ ಪಾಲೇ ದೊಡ್ಡದು. ಮುಂಗಾರಿನ ಮೊದಲ ಮಳೆಗಳನ್ನು ನಂಬುವಂತಿಲ್ಲ. ಮೇಲಾಗಿ ಎರೆಮಣ್ಣು ಒಣಗಿದಾಗ ಕಲ್ಲಿನಂತೆ ಗಟ್ಟಿ, ನೆನೆದಾಗ ಕುಂಟೆಯನ್ನು ಮುಂದಕ್ಕೆ ಬಿಡದಷ್ಟು ಅಂಟು. ಆದಕಾರಣ ರೈತನು ಮುಂಗಾರಿನಲ್ಲಿ ಹೊಲವನ್ನು ಬಿತ್ತದೆ ಬಿಟ್ಟು, ಹದ ಸಿಕ್ಕಾಗ ಹರಗಿ, ಮಣ್ಣಿನಲ್ಲಿ ಇಂಗಿದ ತೇವವನ್ನೇ ನೆಚ್ಚಿ ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬಿತ್ತುತ್ತಾನೆ. ಒಂದೇ ಬೆಳೆಯಾದರೂ ಅದು ಕೈಗೆ ಹತ್ತುವ ಸಂಭವವು ಹೆಚ್ಚು. ಎರಡನೆಯ ಸಲ ಬೀಜಕ್ಕೆ ಸಾಲ ಹುಟ್ಟದವನಿಗೆ ಇದು ಸಣ್ಣ ಮಾತಲ್ಲ. ಆದರೆ ಬಿರುಮಳೆಗಳು ಹೊಯ್ಯುವ ತಿಂಗಳುಗಳಲ್ಲಿಯೇ ಹೊಲವು ಬರಿದಾಗಿರುವುದರಿಂದ ಹನಿಯ ಪೆಟ್ಟನ್ನು ತಡೆಯಲು ಒಂದು ಎಲೆಯೂ ಇರುವುದಿಲ್ಲ. ಮೇಲ್ಮಣ್ಣು ಹಳ್ಳ ಸೇರುತ್ತದೆ; ಮಣ್ಣಿನ ಆಳವು ತಗ್ಗಿದಷ್ಟೂ ಅದು ಹಿಡಿದಿಡುವ ತೇವವು ತಗ್ಗಿ, ರೈತನು ನೆಚ್ಚಿದ ಆ ಒಂದು ಬೆಳೆಯೇ ಕುಗ್ಗುತ್ತದೆ.

ಪರಿಹಾರಕ್ಕಾಗಿ ಯತ್ನಗಳು ನಡೆಯದಿರಲಿಲ್ಲ. 1930ರ ದಶಕದಲ್ಲಿಯೇ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆಯು ಮೊದಲಾಯಿತು. 1942ರಲ್ಲಿ ಮುಂಬಯಿ ಪ್ರಾಂತದ ಭೂಸುಧಾರಣಾ ಕಾನೂನು ಬಂದ ಮೇಲೆ ಸಮಪಾತಳಿ ಬದುಗಳು ವಿಸ್ತಾರವಾಗಿ ಹಬ್ಬಿದವು. ಮಡ್ಡಿಯ ಕೆಂಪು ನೆಲದಲ್ಲಿ ಅವು ತಕ್ಕಮಟ್ಟಿಗೆ ಫಲಕಾರಿ. ಆಳವಾದ ಎರೆಯಲ್ಲಾದರೋ ನೀರು ಬೇಗ ಇಂಗದೆ ಬದುವಿನ ಹಿಂದೆ ನಿಂತು ಬೆಳೆಯನ್ನು ಕೆಡಿಸುತ್ತದೆ. ಬೇಸಗೆಯಲ್ಲಿ ನೆಲದೊಡನೆ ಬದುವೂ ಬಿರಿದು, ಮುಂದಿನ ಮಳೆಗೆ ಆ ಬಿರುಕಿನಲ್ಲಿಯೇ ಒಡೆಯುತ್ತದೆ. ಅಲ್ಲದೆ ಸಮಪಾತಳಿಯ ಗೆರೆಯು ಹೊಲದ ಸೀಮೆಯನ್ನು ಅರಿಯದು. ಒಬ್ಬನ ಹೊಲದ ನೀರು ಮತ್ತೊಬ್ಬನ ಮೂಲೆಯಲ್ಲಿ ನಿಲ್ಲುತ್ತದೆ. ಸಣ್ಣ ಹಿಡುವಳಿಯು ಓರೆಯಾಗಿ ತುಂಡಾಗಿ ಎತ್ತು ತಿರುಗಿಸಲು ಸ್ಥಳ ಸಾಲದು. (ಪಾತಳಿಯನ್ನು ಅಳೆದಷ್ಟು ಜಾಗರೂಕತೆಯಿಂದ ಹಿಡುವಳಿಯ ಗಡಿಯನ್ನೂ ಗಮನಿಸಬೇಕಾಗಿತ್ತು.) ಇಂತಹ ಬದುವನ್ನು ಕೆಡವಿದವನನ್ನು ಹಟಮಾರಿಯೆನ್ನುವುದು ನ್ಯಾಯವಲ್ಲ.

ಈಗ ಶಿಫಾರಸಾಗುತ್ತಿರುವ ಚೌಕು ಮಡಿಯು ಇದಕ್ಕಿಂತ ಉತ್ತಮ. ಹೊಲದ ಸೀಮೆಯೊಳಗೇ ಸಣ್ಣ ಚೌಕಗಳನ್ನು ಕಟ್ಟಿ, ಬಿದ್ದ ನೀರನ್ನು ಬಿದ್ದಲ್ಲಿಯೇ ಇಂಗಿಸಿ, ಹಿಂಗಾರಿ ಬಿತ್ತನೆಯ ಹೊತ್ತಿಗೆ ಸಮಮಾಡುವ ಕ್ರಮವಿದು. ಆದರೂ ಇದನ್ನು ಪ್ರತಿವರ್ಷವೂ ದೊಡ್ಡ ಮಳೆಗೆ ಮುಂಚೆಯೇ ಕಟ್ಟಬೇಕು. ಸ್ವಂತ ಎತ್ತಿಲ್ಲದವನು ಬಾಡಿಗೆಯ ಸರದಿಗೆ ಕಾಯುವಷ್ಟರಲ್ಲಿ ನೀರು ಹರಿದುಹೋಗಿರುತ್ತದೆ. ಲಾವಣಿಗೆ ಹೊಲ ಮಾಡುವವನಿಗೋ, ಉಳಿದ ಮಣ್ಣಿನ ಫಲವು ಮುಂದಿನ ವರ್ಷ ತನಗೇ ದಕ್ಕೀತೆಂಬ ಖಾತರಿಯಿಲ್ಲ.