ದಡದ ಮೇಲಿನ ದೋಣಿಗೆ ನೀರಿನ ದಾರಿ

6 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ತೆರೆದ ದೋಣಿಯ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಒಳಗೆ ತುಂಬುವ ನೀರು ಸುಮಾರು 900 ಲೀಟರ್. ಕಾರವಾರ, ಅಂಕೋಲೆಯ ಆಷಾಢದಲ್ಲಿ ಅಷ್ಟು ಮಳೆ ಒಂದೇ ದಿನದಲ್ಲಿ ಬಿದ್ದರೆ ಯಾರೂ ಅಚ್ಚರಿಪಡುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೈತಖೋಲದಲ್ಲಿ ಬೋಟುಗಳು ಲಂಗರು ಹಾಕುತ್ತವೆ. ಕಡಲು ಕೆರಳಿದ ದಿನಗಳಲ್ಲಿ ಬೇಲೇಕೇರಿ, ಹಾರವಾಡದ ಸಣ್ಣ ದೋಣಿಗಳೂ ದಡ ಹತ್ತುತ್ತವೆ. ಹಳೆಯ ದೋಣಿಯ ರಿಪೇರಿಗೆ ಇದೇ ಬಿಡುವು. ಆದರೆ ಬಣ್ಣ, ತೇಪೆಗಳಿಗಿಂತ ಮೊದಲು ನೋಡಬೇಕಾದದ್ದು ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು.

ನೀರು ಬಿಡುವ ತೂತು ಸಾಮಾನ್ಯವಾಗಿ ಹಿಂಬದಿಯ ತಳದಲ್ಲಿರುತ್ತದೆ. ಎಂಜಿನ್ನಿನ ಭಾರಕ್ಕೆ ಹಿಂಭಾಗ ತಗ್ಗುವುದರಿಂದ ಕಡಲಲ್ಲಿ ನೀರು ಅತ್ತಲೇ ಹರಿಯುತ್ತದೆ. ದಡಕ್ಕೆ ಎಳೆದಾಗ ಈ ಲೆಕ್ಕ ತಪ್ಪುತ್ತದೆ. ಮೂತಿ ಕೊಂಚ ಕೆಳಗಾದರೂ ನೀರು ಮುಂದೆ ನಿಲ್ಲುತ್ತದೆ, ಬಿರಡೆ ತೆಗೆದಿಟ್ಟರೂ ಪ್ರಯೋಜನವಿಲ್ಲ. ಮೂತಿಯ ಕೆಳಗೆ ದಿಮ್ಮಿ ಕೊಟ್ಟು ಎತ್ತರಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಉಳಿದರ್ಧ ಒಳಗಿದೆ. ತಳದ ಅಡ್ಡಪಟ್ಟಿಗಳಲ್ಲಿ ನೀರು ಹಾಯಲು ಸಣ್ಣ ಕಿಂಡಿಗಳಿರುತ್ತವೆ. ಮರಳು, ಮೀನಿನ ಹುರುಪೆ, ವರ್ಷವರ್ಷವೂ ಬಳಿದ ಬಣ್ಣ ಸೇರಿ ಅವು ಮುಚ್ಚಿಹೋಗುತ್ತವೆ. ಆಗ ಪ್ರತಿ ಪಟ್ಟಿಯ ಹಿಂದೆಯೂ ಒಂದೊಂದು ಹೊಂಡ.

ನಿಂತ ನೀರು ಎಲ್ಲ ದೋಣಿಗೂ ಒಂದೇ ರೀತಿ ಕೇಡು ಮಾಡುವುದಿಲ್ಲ. ಮರಕ್ಕೆ ಉಪ್ಪುನೀರಿಗಿಂತ ಮಳೆನೀರೇ ಕೆಟ್ಟದ್ದು, ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗಿಬರದು. ಫೈಬರ್ ದೋಣಿಯ ಹಿಂಬದಿಯೊಳಗೆ ಪ್ಲೈವುಡ್ ಇದ್ದರೆ, ತೂತಿನ ಅಂಚಿಗೆ ಎಪಾಕ್ಸಿ ಬಳಿಯದೆ ಬಿಟ್ಟಲ್ಲಿಂದ ನೀರು ಇಳಿದು ಒಳಗೊಳಗೇ ಕೊಳೆಸುತ್ತದೆ. ಅಲ್ಯುಮಿನಿಯಂ ಗಾಳಿಗೆ ತೆರೆದಿದ್ದರೆ ತನ್ನ ಮೇಲೆ ತಾನೇ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಂಡು ಉಳಿಯುತ್ತದೆ. ನೆಲಹಲಗೆಯ ಕೆಳಗೆ, ನೀರು ಕುಡಿದ ಫೋಮಿನ ಅಡಿಯಲ್ಲಿ ಉಪ್ಪುನೀರು ಸಿಕ್ಕಿಕೊಂಡರೆ ಆ ರಕ್ಷಣೆ ಹೋಗಿ, ಲೋಹದಲ್ಲಿ ಬಿಳಿಪುಡಿಯ ಗುಳಿಗಳೇಳುತ್ತವೆ. ತಾಮ್ರ, ಹಿತ್ತಾಳೆ ತಾಗಿದರಂತೂ ಸವೆತ ಬೇಗ. ತಾಮ್ರದ ಲವಣ ಸೇರಿಸಿದ ಪ್ಲೈವುಡ್ ಮರದ ದೋಣಿಗೆ ಒಳ್ಳೆಯದು, ಅಲ್ಯುಮಿನಿಯಂ ಮೇಲೆ ಹಾಸಬಾರದು.

ನಮ್ಮ ಕಡೆ ಮರ, ಫೈಬರ್ ದೋಣಿಗಳೇ ಹೆಚ್ಚು. ಅಲ್ಯುಮಿನಿಯಂ ನೋಡಬೇಕಾದರೆ ಕಾರವಾರದ ಟಾಗೋರ್ ಕಡಲತೀರಕ್ಕೆ ಹೋಗಬೇಕು. 2005ರಲ್ಲಿ ನೌಕಾಪಡೆಯ ಸೇವೆಯಿಂದ ನಿವೃತ್ತವಾಗಿ 2006ರಿಂದ ವಸ್ತುಸಂಗ್ರಹಾಲಯವಾಗಿರುವ ಐಎನ್‌ಎಸ್ ಚಾಪೆಲ್ ಸೋವಿಯತ್ ಒಸಾ ವರ್ಗದ ಕ್ಷಿಪಣಿ ನೌಕೆ. ಈ ವರ್ಗದ ನೌಕೆಗಳ ಒಡಲು ಉಕ್ಕಿನದು, ಭಾರ ತಗ್ಗಿಸಲು ಮೇಲ್ಕಟ್ಟಡ ಅಲ್ಯುಮಿನಿಯಂ ಮಿಶ್ರಲೋಹದ್ದು. ಎರಡು ಲೋಹ ಕೂಡುವಲ್ಲಿ ಉಪ್ಪುನೀರು ನಿಂತರೆ ಅಪಾಯ. ತೇಲುವ ಹಡಗು ಹೊಯ್ದಾಡುತ್ತಾ ಡೆಕ್ಕಿನ ನೀರನ್ನು ಅಂಚಿನ ಕಿಂಡಿಗಳಿಗೆ ದೂಡುತ್ತದೆ. ಅಡಿಪಾಯದ ಮೇಲೆ ನಿಂತ ಹಡಗಿಗೆ ಹೊಯ್ದಾಟವಿಲ್ಲ, ಮಳೆ ನಿಂತಲ್ಲೇ ನಿಲ್ಲುತ್ತದೆ. ಇಂಥ ನೌಕೆಯನ್ನು ಉಳಿಸಿಕೊಳ್ಳುವವರು ಬಣ್ಣ ಬಳಿಯುವ ಬೇಸಿಗೆಯಲ್ಲಷ್ಟೇ ಅಲ್ಲ, ಜಡಿಮಳೆಯಲ್ಲೂ ಡೆಕ್ ಹತ್ತಿ ನೋಡಲೇಬೇಕು.

ಸಣ್ಣ ದೋಣಿಯಲ್ಲಿ ಈ ಪರೀಕ್ಷೆ ಸುಲಭ. ಹಲಗೆ, ಹಳೆಯ ಫೋಮ್ ಕಿತ್ತು, ಸಿಹಿನೀರಿನಲ್ಲಿ ತೊಳೆದು, ತೇಲುವಾಗಿನ ಓರೆಯಲ್ಲೇ ನಿಲ್ಲಿಸಬೇಕು. ಮೂತಿಯಿಂದ ಒಂದು ಕೊಡ ನೀರು ಸುರಿದು, ತಡೆದು ನಿಂತಲ್ಲೆಲ್ಲ ಗುರುತು ಹಾಕಬೇಕು. ಕಿಂಡಿ ಬಿಡಿಸುವಾಗ ದುಂಡಗೇ ಇರಲಿ, ಚೂಪು ಮೂಲೆಯಿಂದ ಬಿರುಕು ಹುಟ್ಟುತ್ತದೆ. ಹಳೆಯ ರಿವೆಟ್ ಸೋರುತ್ತಿದ್ದರೆ ಒಳಗೆ ಬೆರಳುದ್ದ ನೀರು ನಿಲ್ಲಿಸಿದಾಗ ಹೊರಗೆ ಹನಿ ಕಾಣುತ್ತದೆ. ಹೆಚ್ಚು ತುಂಬಬಾರದು, ನೀರಿನ ಭಾರಕ್ಕೆ ತಳ ಬಾಗೀತು. ಕಡೆಗೆ ಎಂಜಿನ್, ಇಂಧನ, ಬಲೆ, ಮಂಜುಗಡ್ಡೆ ಎಲ್ಲ ಹೇರಿ, ಬಿರಡೆ ಬಿಗಿದು, ಹಿನ್ನೀರಿನಲ್ಲಿ ಇಳಿಸಿ ನೋಡಬೇಕು. ಡೆಕ್ಕಿನ ನೀರು ಬಿಡುವ ಕಿಂಡಿಗಳು ತುಂಬಿದ ಭಾರದಲ್ಲೂ ಹೊರಗಿನ ನೀರಿಗಿಂತ ಮೇಲೇ ಇರಬೇಕು. ಇಲ್ಲವಾದರೆ ಅದೇ ಕಿಂಡಿಯಿಂದ ಕಡಲು ಒಳಗೆ ಬರುತ್ತದೆ.