ಕರುಳು ಕತ್ತರಿಸಿದ ಮೇಲೆ ಪಿತ್ತದ ಪಾಡೇನು?

ಎಣ್ಣೆ ಹಚ್ಚಿದ ತಲೆಗೆ ಬರೀ ನೀರು ಹೊಯ್ದರೆ ಜಿಡ್ಡು ಬಿಡುವುದಿಲ್ಲ, ಸೀಗೆಪುಡಿ ಬೇಕು. ನೀವು ಉಂಡ ಎಣ್ಣೆ, ತುಪ್ಪಗಳನ್ನು ಕರುಳಿನೊಳಗೆ ನೀರಿನೊಡನೆ ಬೆರೆಸಲೂ ಅಂಥದೇ ಒಂದು ವಸ್ತು ಬೇಕು. ಪಿತ್ತರಸದಲ್ಲಿರುವ ಪಿತ್ತಾಮ್ಲಗಳು ಮಾಡುವ ಕೆಲಸ ಅದೇ. ಯಕೃತ್ತು ಇವನ್ನು ಕೊಲೆಸ್ಟರಾಲ್‌ನಿಂದ ತಯಾರಿಸುತ್ತದೆ.

ದೇಹದಲ್ಲಿರುವ ಒಟ್ಟು ಪಿತ್ತಾಮ್ಲ ಸುಮಾರು 2ರಿಂದ 4 ಗ್ರಾಂ ಮಾತ್ರ. ಇಷ್ಟರಲ್ಲೇ ದಿನದ ಊಟವೆಲ್ಲ ಅರಗುವುದು ಹೇಗೆ? ಸ್ವಾರಸ್ಯವಿರುವುದು ಇಲ್ಲಿಯೇ. ಕೆಲಸ ಮುಗಿಸಿದ ಪಿತ್ತಾಮ್ಲವನ್ನು ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್ ಹೀರಿಕೊಂಡು, ರಕ್ತದ ಮೂಲಕ ಯಕೃತ್ತಿಗೆ ಹಿಂದಿರುಗಿಸುತ್ತದೆ. ಪ್ರತಿ ಸುತ್ತಿನಲ್ಲೂ ಶೇಕಡಾ 95ರಷ್ಟು ಮರಳಿ ಬರುತ್ತದೆ. ದಿನಕ್ಕೆ ಇಂಥ ಸುತ್ತುಗಳು ಹಲವು. ಮಲದಲ್ಲಿ ನಷ್ಟವಾಗುವ ಸುಮಾರು ಅರ್ಧ ಗ್ರಾಂ ಅನ್ನು ಮಾತ್ರ ಯಕೃತ್ತು ದಿನವೂ ಹೊಸದಾಗಿ ತಯಾರಿಸುತ್ತದೆ.

ಕ್ಷಯ ಅಥವಾ ಕ್ರೋನ್ ಕಾಯಿಲೆಯಿಂದ ಇಲಿಯಮ್ ಕೆಟ್ಟಾಗ ಶಸ್ತ್ರವೈದ್ಯರು ಅದನ್ನು ಕತ್ತರಿಸಿ ತೆಗೆಯಬೇಕಾಗಬಹುದು. ಆಗ ಪಿತ್ತಾಮ್ಲ ಮರಳುವ ದಾರಿ ತಪ್ಪುತ್ತದೆ. ಮುಂದಿನ ಪರಿಣಾಮವನ್ನು ಬಹುಮಟ್ಟಿಗೆ ನಿರ್ಧರಿಸುವುದು, ತೆಗೆದ ಭಾಗದ ಉದ್ದ.

ಅದು ಸುಮಾರು 100 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ಯಕೃತ್ತು ತಯಾರಿಕೆಯನ್ನು ಹೆಚ್ಚಿಸಿ ನಷ್ಟವನ್ನು ತುಂಬಿಕೊಳ್ಳುತ್ತದೆ. ಜಿಡ್ಡೂ ಬಹುಪಾಲು ಅರಗುತ್ತದೆ. ಆದರೆ ದೊಡ್ಡ ಕರುಳಿಗೆ ಹರಿದ ಪಿತ್ತಾಮ್ಲ ಅಲ್ಲಿ ನೀರು ಒಸರುವಂತೆ ಮಾಡುವುದರಿಂದ ನೀರಾದ ಭೇದಿ ಆಗುತ್ತದೆ. ಉದ್ದ ಇನ್ನೂ ಹೆಚ್ಚಾದರೆ ಯಕೃತ್ತಿಗೆ ನಷ್ಟ ತುಂಬಲು ಸಾಧ್ಯವಾಗುವುದಿಲ್ಲ. ಜಿಡ್ಡು ಅರಗದೆ ಮಲದಲ್ಲಿ ಹೋಗುತ್ತದೆ. ಅದರೊಡನೆ ಎ, ಡಿ, ಇ, ಕೆ ಜೀವಸತ್ವಗಳೂ ಹೋಗುತ್ತವೆ, ರೋಗಿ ಸೊರಗುತ್ತಾನೆ.

ನೋಡಲು ಎರಡೂ ಭೇದಿಯೇ. ಚಿಕಿತ್ಸೆ ಮಾತ್ರ ಬೇರೆ. ಅಮೆರಿಕದಲ್ಲಿ ಆಲನ್ ಹಾಫ್‌ಮನ್ ಮತ್ತು ಅವರ ಸಹೋದ್ಯೋಗಿ 1972ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭೇದವನ್ನು ಸ್ಪಷ್ಟಪಡಿಸಿತು. ಪಿತ್ತಾಮ್ಲವನ್ನು ಹಿಡಿದಿಡುವ ಕೊಲೆಸ್ಟಿರಮಿನ್ ಎಂಬ ಔಷಧ ಮೊದಲನೆಯವರಿಗೆ ಗುಣ ಕೊಡುತ್ತದೆ. ಎರಡನೆಯವರಿಗೆ ಅದನ್ನೇ ಕೊಟ್ಟರೆ, ಉಳಿದ ಅಲ್ಪ ಪಿತ್ತಾಮ್ಲವೂ ಕೈತಪ್ಪಿ ಜಿಡ್ಡಿನ ನಷ್ಟ ಇನ್ನೂ ಹೆಚ್ಚಬಹುದು. ಇಂಥವರ ಊಟದಲ್ಲಿ ಸಾಮಾನ್ಯ ಜಿಡ್ಡನ್ನು ಕಡಿಮೆ ಮಾಡಿ, ಪಿತ್ತದ ನೆರವು ಅಷ್ಟಾಗಿ ಬೇಡದ ಮಧ್ಯಮ ಸರಪಳಿಯ ಕೊಬ್ಬನ್ನು ವೈದ್ಯರು ಸೂಚಿಸುತ್ತಾರೆ. ಬಿ12 ಜೀವಸತ್ವವನ್ನು ಹೀರುವುದೂ ಇಲಿಯಮ್ಮೇ ಆದ್ದರಿಂದ, ಅದರ ಚುಚ್ಚುಮದ್ದೂ ಬೇಕಾಗಬಹುದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕರುಳಿನ ಶಸ್ತ್ರಚಿಕಿತ್ಸೆ ಆಗಿದ್ದರೆ, ಯಾವ ಭಾಗವನ್ನು, ಎಷ್ಟು ಉದ್ದ ತೆಗೆದರೆಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ವರ್ಷಗಳ ನಂತರ ಬೇರೊಬ್ಬ ವೈದ್ಯರು ಔಷಧ ಬರೆಯುವಾಗ ಆ ಒಂದು ಸಾಲು ಬಹಳ ನೆರವಾಗುತ್ತದೆ.